ಭಾನುವಾರದ ಓದು: ತಾರನಾಕಿಯ ಪತ್ರಗಳು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ನ್ಯೂಜಿಲೆಂಡಿನ ತಾರನಾಕಿ ಪ್ರಾಂತ್ಯದ ಪತ್ರಗಳನ್ನು ಓದೋಣ. ರಿಚ್ಮಂಡ್, ಅಟ್ಕಿನ್ಸನ್ ಎಂಬ ಎರಡು ಇಂಗ್ಲಿಷ್ ಕುಟುಂಬಗಳು 1850ರ ದಶಕದಲ್ಲಿ ನ್ಯೂ ಪ್ಲಿಮತ್ ಹತ್ತಿರ ಕಾಡು ಕಡಿದು, ಸುಟ್ಟು, ಹುಲ್ಲು ಬಿತ್ತಿ ಜಮೀನು ಮಾಡಿಕೊಂಡವು. ಮನೆಗೆಲಸವನ್ನು ತಾವೇ ಮಾಡುವ ಖುಷಿಯನ್ನು ಮರಾಯಾ ಅಟ್ಕಿನ್ಸನ್ ಬರೆದಿದ್ದಾರೆ, ನನಗೆ ಆ ಪತ್ರಗಳು ಬಹಳ ಇಷ್ಟ. 1860ರ ಮಾರ್ಚ್‌ನಲ್ಲಿ ಹತ್ತಿರದ ವೈತಾರಾ ಎಂಬಲ್ಲಿನ ಜಮೀನಿಗಾಗಿ ಬ್ರಿಟಿಷ್ ಸರ್ಕಾರಕ್ಕೂ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳಿಗೂ ಯುದ್ಧ ಶುರುವಾಯಿತು. ರೈತರು ಹೊಲ ಬಿಟ್ಟು ಊರೊಳಗೆ ಬಂದರು. ಎಷ್ಟೋ ಹೆಂಗಸರು, ಮಕ್ಕಳನ್ನು ಹಡಗಿನಲ್ಲಿ ನೆಲ್ಸನ್ ಎಂಬ ಬೇರೆ ಊರಿಗೆ ಕಳಿಸಿದರು. ಹಿಂದೆ ಉಳಿದ ಎಷ್ಟೋ ಮನೆಗಳು ಸುಟ್ಟುಹೋದವು.

ಇಷ್ಟನ್ನೇ ಓದಿದರೆ ಅರ್ಧ ಕಥೆ ಮಾತ್ರ, ಅಲ್ವಾ? ಅದಕ್ಕೇ ಮಾವೊರಿ ಮುಖಂಡ ವಿರೆಮು ಕಿಂಗಿ 1859ರಲ್ಲಿ ಗವರ್ನರ್‌ಗೆ ಬರೆದ ಪತ್ರವನ್ನೂ ಸೇರಿಸಿದ್ದೇನೆ. ವೈತಾರಾ ನಾವೆಲ್ಲ ಮಲಗುವ ಹಾಸಿಗೆ, ಅದನ್ನು ಮಾರಲು ಒಪ್ಪುವುದಿಲ್ಲ ಎನ್ನುತ್ತಾರೆ ಅವರು. ಅವರ ಜನರೂ ಗೋಧಿ, ಆಲೂಗಡ್ಡೆ ಬೆಳೆಯುತ್ತಿದ್ದ ರೈತರೇ. ದಯವಿಟ್ಟು ಈ ಪತ್ರವನ್ನು ಮೊದಲು ಓದಿ.

ಗಟ್ಟಿಯಾಗಿ ಓದಲು ಒಬ್ಬೊಬ್ಬರೂ ಒಂದು ಭಾಗ ಆರಿಸಿ, ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.