ಹದಿನೇಳು ಮನೆಗಳ ಹಾಡನ್ನು ಅಳಿಸಿದ ಬಗ್ಗೆ ದೂರು

ಇಂದ:
ಧ್ವನಿಮುದ್ರಣ ಕೊಠಡಿಯ ಮಾಲೀಕಳು,
ಚಿಕ್ಕಮಗಳೂರು

ಗೆ:
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ,
ಪ್ರಧಾನ ಕಚೇರಿ, ಬೆಂಗಳೂರು

ದಿನಾಂಕ: 17-03-2025

ವಿಷಯ: ವಾರ್ಷಿಕ ಒಪ್ಪಂದದಂತೆ ನನ್ನ ಕಂಪ್ಯೂಟರಿನ ದತ್ತಾಂಶ ನೋಡಿಕೊಳ್ಳಬೇಕಾದ ನಿಮ್ಮ ಚಿಕ್ಕಮಗಳೂರು ಶಾಖೆಯ ತಂತ್ರಜ್ಞರು 10-02-2025ರಂದು ನನ್ನ ಒಪ್ಪಿಗೆಯಿಲ್ಲದೆ 102 ಧ್ವನಿ ಫೈಲುಗಳನ್ನು ಅಳಿಸಿದ ಬಗ್ಗೆ.

ಮಾನ್ಯರೇ,

ಫೆಬ್ರವರಿ 13ರಿಂದ ಈವರೆಗೆ ನಿಮ್ಮ ಶಾಖೆಗೆ ಒಂಬತ್ತು ಸಲ ಫೋನ್ ಮಾಡಿದ್ದೇನೆ ಮತ್ತು ಒಂದು ಸಲ ಖುದ್ದಾಗಿ ಹೋಗಿ ಬಂದಿದ್ದೇನೆ. ಪ್ರತಿ ಸಲವೂ ಸಮಾಧಾನದಿಂದಲೇ ಮಾತನಾಡಿದ್ದೇನೆ. ಮೊನ್ನೆ ಶನಿವಾರ ಬೆಳಿಗ್ಗೆ ನನ್ನ ಮೊಬೈಲಿಗೆ ನಿಮ್ಮ ಸಂಸ್ಥೆಯಿಂದ ಒಂದು ಸಂದೇಶ ಬಂದಿತು. ನನ್ನ ದೂರನ್ನು ಪರಿಹರಿಸಿ ಮುಕ್ತಾಯಗೊಳಿಸಲಾಗಿದೆಯೆಂದೂ, ಸೇವೆ ತೃಪ್ತಿ ತಂದಿದ್ದರೆ ಐದು ಸ್ಟಾರ್ ಕೊಡಬೇಕೆಂದೂ ಅದರಲ್ಲಿತ್ತು. ಒಂದು ಫೈಲೂ ಮರಳಿ ಬಂದಿಲ್ಲ, ಒಂದು ಸಾಲಿನ ಉತ್ತರವೂ ಬಂದಿಲ್ಲ. ಆ ಸಂದೇಶವನ್ನು ಓದಿದ ಮೇಲೆಯೇ ಈ ಪತ್ರ ಬರೆಯಲು ಕುಳಿತಿದ್ದೇನೆ.

ನಡೆದದ್ದು ಇಷ್ಟು. 2024ರ ದೀಪಾವಳಿಯ ಬಲಿಪಾಡ್ಯಮಿಯಿಂದ, ಅಂದರೆ ನವೆಂಬರ್ 2ರಿಂದ ಮೂರು ರಾತ್ರಿ, ಕೊಪ್ಪ ತಾಲ್ಲೂಕಿನ ಒಂದು ಊರಿನ ಅಂಟಿಗೆ ಪಂಟಿಗೆ ತಂಡದವರ ಜೊತೆ ನಾನೂ ನಡೆದೆ. ಅವರು ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಹೋಗುವಾಗ ಆರು ಚಾನೆಲ್ಲಿನ ರೆಕಾರ್ಡರ್ ಅನ್ನು ಹೆಗಲಿಗೆ ಹಾಕಿಕೊಂಡು ಇಪ್ಪತ್ಮೂರು ಮನೆಗಳ ಅಂಗಳದಲ್ಲಿ ಧ್ವನಿಮುದ್ರಣ ಮಾಡಿದೆ. ಒಟ್ಟು ಸುಮಾರು ಒಂಬತ್ತು ಗಂಟೆಯಷ್ಟು ಹಾಡಾಯಿತು. 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಒಂದು ಚಾನೆಲ್ಲಿನ ಒಂದು ನಿಮಿಷಕ್ಕೆ 8.64 ಎಂಬಿ ಬೇಕಾಗುವುದರಿಂದ ಇಡೀ ಕೆಲಸ 28 ಜಿಬಿಯಷ್ಟಿತ್ತು. ಒಂದೊಂದು ಮನೆಗೂ ಆರಾರು ಫೈಲು.

ಇವನ್ನೆಲ್ಲ ಒಂದೇ ಫೋಲ್ಡರಿನಲ್ಲಿಟ್ಟು ಎರಡು ಪ್ರಾಜೆಕ್ಟ್ ಮಾಡಿಕೊಂಡಿದ್ದೆ. ಮೊದಲನೆಯದು ಹೊರಗಿನವರು ಕೇಳಲೆಂದು ಆರು ಮನೆಗಳ ಹಾಡನ್ನು ಆಯ್ದು ಮಾಡಿದ ನಲವತ್ತು ನಿಮಿಷದ ಸಂಕಲನ. ಎರಡನೆಯದು ಇಪ್ಪತ್ಮೂರು ಮನೆಗಳನ್ನೂ ನಡೆದ ಕ್ರಮದಲ್ಲೇ, ಏನನ್ನೂ ಕತ್ತರಿಸದೆ ಜೋಡಿಸಿದ್ದು. ಅದು ತಂಡದವರಿಗೂ ಅವರ ಮಕ್ಕಳಿಗೂ ಸೇರಬೇಕಾದದ್ದು. ಅದರಲ್ಲಿ ಕೆಮ್ಮು, ನಾಯಿ ಬೊಗಳಿದ್ದು, ದಾರಿ ತಪ್ಪಿ ಗದ್ದೆಯ ಬದುವಿನಲ್ಲಿ ನಿಂತು ಮಾತಾಡಿಕೊಂಡದ್ದು ಎಲ್ಲವೂ ಇದ್ದವು. ಸಂಕಲನಕ್ಕೆ ಅವು ಬೇಡವಾಗಿದ್ದವು. ಆದರೆ ನನಗೆ ಆ ಎರಡನೆಯದೇ ಮುಖ್ಯ ಕೆಲಸವಾಗಿತ್ತು.

ಜನವರಿಯ ಕೊನೆಯ ಹೊತ್ತಿಗೆ ಈ ಫೈಲುಗಳೆಲ್ಲ ಇದ್ದ ಒಂದು ಟಿಬಿಯ ಎಸ್‌ಎಸ್‌ಡಿ ಡ್ರೈವು ತುಂಬುತ್ತ ಬಂದಿತ್ತು. ಜಾಹೀರಾತು, ಮದುವೆಯ ಹಾಡು, ಭಜನೆ ಎಂದು ಮುಗಿದುಹೋದ ಹನ್ನೊಂದು ಹಳೆಯ ಪ್ರಾಜೆಕ್ಟುಗಳ ಹೆಸರನ್ನು ಕೈಯಲ್ಲಿ ಬರೆದು, ಅವುಗಳಲ್ಲಿ ಬಳಸದ ಫೈಲುಗಳನ್ನು ಮಾತ್ರ ತೆಗೆದು ಜಾಗ ಮಾಡಿಕೊಡಿ ಎಂದು ನಿಮ್ಮ ಶಾಖೆಗೆ ಕೊಟ್ಟೆ. ಆ ಚೀಟಿಯ ಪ್ರತಿ ನನ್ನ ಬಳಿ ಇದೆ. ಅದರಲ್ಲಿ ಅಂಟಿಗೆ ಪಂಟಿಗೆಯ ಹೆಸರಿಲ್ಲ.

ನಿಮ್ಮ ತಂತ್ರಜ್ಞರು ಹನ್ನೊಂದನ್ನು ಮುಗಿಸಿ, ಯಾರೂ ಕೇಳದಿದ್ದರೂ ಹನ್ನೆರಡನೆಯದಕ್ಕೆ ಕೈ ಹಾಕಿದರು. ನಲವತ್ತು ನಿಮಿಷದ ಸಂಕಲನವನ್ನು ಧ್ವನಿ ಜೋಡಿಸುವ ರೀಪರ್ ತಂತ್ರಾಂಶದಲ್ಲಿ ತೆರೆದು ‘ಕ್ಲೀನ್ ಕರೆಂಟ್ ಪ್ರಾಜೆಕ್ಟ್ ಡೈರೆಕ್ಟರಿ’ ಎಂಬ ಆಜ್ಞೆಯನ್ನು ಕೊಟ್ಟರು. ಆ ಆಜ್ಞೆ ಮಾಡುವ ಕೆಲಸವೆಂದರೆ, ಆಗ ತೆರೆದಿರುವ ಪ್ರಾಜೆಕ್ಟು ಬಳಸದೆ ಇರುವ ಫೈಲುಗಳನ್ನು ಆ ಫೋಲ್ಡರಿನಲ್ಲಿ ಹುಡುಕಿ ಪಟ್ಟಿ ಮಾಡಿ ತೋರಿಸುವುದು. ಅದು ‘ಕರೆಂಟ್’ ಎನ್ನುವಾಗ ಲೆಕ್ಕಕ್ಕೆ ಹಿಡಿಯುವುದು ಎದುರಿಗಿರುವ ಒಂದೇ ಪ್ರಾಜೆಕ್ಟನ್ನು. ಪಕ್ಕದ ಪ್ರಾಜೆಕ್ಟಿಗೆ ಅದೇ ಫೈಲುಗಳು ಜೀವಾಳವಾಗಿದ್ದರೂ ಇದರ ಪಾಲಿಗೆ ಅವು ಬಳಸದವು. ಹಾಗಾಗಿ ಹದಿನೇಳು ಮನೆಗಳ 102 ಫೈಲುಗಳೂ ಆ ಪಟ್ಟಿಗೆ ಬಂದವು, ಎಲ್ಲವನ್ನೂ ಆಯ್ದು ತೆಗೆದುಹಾಕಲಾಯಿತು. ಆ ಬಳಿಕ ರಿಸೈಕಲ್ ಬಿನ್ ಅನ್ನೂ ಖಾಲಿ ಮಾಡಿದ್ದಾರೆ. ‘ಅನಗತ್ಯ ಫೈಲು 102, ತೆರವಾದ ಜಾಗ 20.2 ಜಿಬಿ’ ಎಂದು ಜಾಬ್ ಶೀಟಿನಲ್ಲಿ ಬರೆದು, ಕೆಳಗೆ ಸಹಿಯನ್ನೂ ಹಾಕಿದ್ದಾರೆ.

ರೀಪರಿನ ಪ್ರಾಜೆಕ್ಟ್ ಫೈಲು ಕೇವಲ ಅಕ್ಷರಗಳ ಫೈಲೆಂಬುದು ಈ ಕೆಲಸ ಒಪ್ಪಿಕೊಳ್ಳುವವರಿಗೆ ತಿಳಿದಿರಬೇಕು. ನೋಟ್‌ಪ್ಯಾಡಿನಲ್ಲಿ ತೆರೆದರೆ ಯಾವ ಯಾವ ಧ್ವನಿ ಫೈಲನ್ನು ಅದು ಬಳಸುತ್ತಿದೆ ಎಂಬುದು ಹೆಸರು ಸಮೇತ ಕಾಣುತ್ತದೆ. ಎರಡನೆಯ ಪ್ರಾಜೆಕ್ಟನ್ನು ತೆರೆದು ಒಂದೇ ಒಂದು ಹೆಸರನ್ನು ಹುಡುಕಿದ್ದರೂ ಸಾಕಿತ್ತು. ಅದೂ ಬೇಡ, ಆ 102 ಫೈಲುಗಳನ್ನು ಅಳಿಸದೆ ಬೇರೊಂದು ಫೋಲ್ಡರಿಗೆ ಸರಿಸಿ ನನ್ನನ್ನು ಒಂದು ಮಾತು ಕೇಳಬಹುದಿತ್ತು. ನಾನು ಪಕ್ಕದ ಕೋಣೆಯಲ್ಲಿಯೇ ಇದ್ದೆ, ನಡುವೆ ಎರಡು ಸಲ ಅವರಿಗೆ ಕಾಫಿ ತಂದುಕೊಟ್ಟಿದ್ದೆ. ಗ್ರಾಹಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ದತ್ತಾಂಶವನ್ನೂ ಅಳಿಸಕೂಡದೆಂದು ನಿಮ್ಮ ಒಪ್ಪಂದದ 6ನೇ ಕಲಮಿನಲ್ಲಿ ನೀವೇ ಬರೆದಿದ್ದೀರಿ. ಅದನ್ನು ನಾನು ನಿಮಗೆ ಓದಿ ಹೇಳಬೇಕಾಗಿಲ್ಲ.

ಬ್ಯಾಕಪ್ ಇರಲಿಲ್ಲವೇ ಎಂದು ನೀವು ಕೇಳಬಹುದು, ನಿಮ್ಮ ಶಾಖೆಯವರೂ ಕೇಳಿದರು. ಬ್ಯಾಕಪ್ ವ್ಯವಸ್ಥೆಯನ್ನು ಮಾಡಿಕೊಟ್ಟವರು ನೀವೇ, ಅದಕ್ಕೆ ಬೇರೆ ಹಣವನ್ನೂ ಪಡೆದಿದ್ದೀರಿ. ಎರಡು ಟಿಬಿಯ ಹಾರ್ಡ್ ಡಿಸ್ಕಿಗೆ ಪ್ರತಿ ರಾತ್ರಿ 11 ಗಂಟೆಗೆ ತಾನಾಗಿ ಪ್ರತಿಯಾಗುವಂತೆ ಹೊಂದಿಸಿದ್ದಿರಿ. ಆದರೆ ನೀವು ಹೊಂದಿಸಿದ್ದು ಕನ್ನಡಿಯಂಥ ಪ್ರತಿ. ಮೂಲದಲ್ಲಿ ಅಳಿದದ್ದು ಅಲ್ಲಿಯೂ ಅಳಿಯುತ್ತದೆ. ಹಳೆಯ ಪ್ರತಿಯನ್ನು ಕೆಲವು ದಿನವಾದರೂ ಉಳಿಸಿಕೊಳ್ಳದ ವ್ಯವಸ್ಥೆಗೆ ಬ್ಯಾಕಪ್ ಎಂಬ ಹೆಸರಿಟ್ಟು ನನಗೆ ಮಾರಿದ್ದೀರಿ. ಹಗಲು ನಿಮ್ಮ ತಂತ್ರಜ್ಞರು ಮಾಡಿದ್ದನ್ನು ಅದೇ ರಾತ್ರಿ ನಿಮ್ಮ ಬ್ಯಾಕಪ್ ಪೂರ್ತಿ ಮಾಡಿತು. ರೆಕಾರ್ಡರಿನ ಮೆಮೊರಿ ಕಾರ್ಡನ್ನು, ಎರಡು ಕಡೆ ಪ್ರತಿ ಇದೆಯಲ್ಲ ಎಂಬ ಧೈರ್ಯದಿಂದ, ನಾನು ಜನವರಿಯಲ್ಲಿಯೇ ಬೇರೆ ಕೆಲಸಕ್ಕೆ ಬಳಸಿಬಿಟ್ಟಿದ್ದೆ. ಆ ಧೈರ್ಯ ನಿಮ್ಮ ಮಾತನ್ನು ನಂಬಿ ಬಂದದ್ದು.

ಫೆಬ್ರವರಿ 13ರಂದು ಎರಡನೆಯ ಪ್ರಾಜೆಕ್ಟನ್ನು ತೆರೆದಾಗ ಫೈಲು ಸಿಗುತ್ತಿಲ್ಲ ಎಂಬ ಸೂಚನೆ ಒಂದರ ಹಿಂದೊಂದು ಬಂದಿತು. ಕೂಡಲೇ ಎರಡೂ ಡಿಸ್ಕುಗಳನ್ನು ಕಳಚಿ ಇಟ್ಟು ನಿಮ್ಮ ಶಾಖೆಗೆ ಫೋನ್ ಮಾಡಿದೆ. ಇಂಟರ್ನೆಟ್ಟಿನಿಂದ ಯಾವುದಾದರೂ ರಿಕವರಿ ಸಾಫ್ಟ್‌ವೇರ್ ಅನ್ನು ಅದೇ ಡಿಸ್ಕಿಗೆ ಇಳಿಸಿಕೊಂಡು ಓಡಿಸಿ ನೋಡಿ ಎಂದರು. ಅಳಿದ ಫೈಲಿರುವ ಡಿಸ್ಕಿಗೆ ಹೊಸದಾಗಿ ಏನನ್ನೇ ಬರೆದರೂ ಉಳಿದಿರಬಹುದಾದ ಚೂರೂ ಹಾಳಾಗಬಹುದು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆಯಿಂದಾಗಿ ಅಳಿದ ಜಾಗವನ್ನು ಡ್ರೈವೇ ಬರಿದು ಮಾಡಿಕೊಳ್ಳುವುದರಿಂದ ಅದರ ಮೇಲೆ ನನಗೆ ಆಸೆಯಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಏನಾದರೂ ಸಿಗಬಹುದು. ದತ್ತಾಂಶ ಕಾಯುವುದೇ ವ್ಯಾಪಾರವಾಗಿರುವವರು ಕೊಟ್ಟ ಸಲಹೆಯನ್ನು ಅಂದು ನಾನು ಪಾಲಿಸಿದ್ದರೆ ಆ ಆಸೆಯೂ ಇರುತ್ತಿರಲಿಲ್ಲ.

ಈಗ ಫೆಬ್ರವರಿ 24ರ ಮಾತಿಗೆ ಬರುತ್ತೇನೆ. ಅದನ್ನು ಒಂದಿಷ್ಟೂ ಬಿಡದೆ ಬರೆಯುತ್ತೇನೆ, ಏಕೆಂದರೆ ಶಾಖೆಯವರು ನಿಮಗೆ ಅದನ್ನು ಹೇಳಿರಲಾರರು.

ತಂಡದ ಮುಂದಾಳು ಅಜ್ಜಯ್ಯನವರು ಅಂದು ಕಣ್ಣು ತೋರಿಸಲೆಂದು ಬಾಳೆಹೊನ್ನೂರಿನ ದಾರಿಯಲ್ಲಿ ಬಸ್ಸು ಹಿಡಿದು ಚಿಕ್ಕಮಗಳೂರಿಗೆ ಬಂದಿದ್ದರು. ಅವರಿಗೆ ಎಪ್ಪತ್ತೆಂಟು ವರ್ಷ. ಹಾಡು ಹೋಗಿದೆ ಎಂದರೆ ಎಲ್ಲಿಗೆ ಹೋಗಿದೆ ಎಂದು ತಿಳಿಯಬೇಕೆಂದು ಅವರೂ ನನ್ನೊಡನೆ ನಿಮ್ಮ ಶಾಖೆಗೆ ಬಂದರು. ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಒಳಗೆ ಹೋದೆವು. ಮುಕ್ಕಾಲು ಗಂಟೆ ಕಾದೆವು. ಬೆಂಚಿನ ಒಂದು ತುದಿಯಲ್ಲಿ ಹಳೆಯ ಪ್ರಿಂಟರ್ ಇಟ್ಟಿದ್ದರಿಂದ ಅಜ್ಜಯ್ಯ ಮಾತ್ರ ಕುಳಿತರು, ನಾನು ನಿಂತೇ ಇದ್ದೆ. ಆಮೇಲೆ ಶಾಖೆಯ ವ್ಯವಸ್ಥಾಪಕರು ಕೌಂಟರಿಗೆ ಬಂದರು. ನಾನು ಜಾಬ್ ಶೀಟನ್ನು ಮುಂದಿಟ್ಟೆ.

“ಮೇಡಂ, ಅನ್‌ಯೂಸ್ಡ್ ಅಂದ್ರೆ ಬೇಡದ್ದು ತಾನೇ? ಕಂಪ್ಯೂಟರೇ ಹೇಳಿದೆ ಬೇಡ ಅಂತ. ನಮ್ಮ ಹುಡುಗಂದು ಏನು ತಪ್ಪು?” ಎಂದರು.

ಅದು ಒಂದು ಪ್ರಾಜೆಕ್ಟಿನ ಲೆಕ್ಕ ಮಾತ್ರ, ಅದೇ ಫೋಲ್ಡರಿನಲ್ಲಿ ಇನ್ನೊಂದು ಪ್ರಾಜೆಕ್ಟು ಇತ್ತು ಎಂದು ವಿವರಿಸತೊಡಗಿದೆ. ಅರ್ಧದಲ್ಲಿಯೇ ತಡೆದು, “ನೀವು ಮನೆಯವರನ್ನ ಕರ್ಕೊಂಡು ಬನ್ನಿ, ಅವರಿಗೆ ಹೇಳ್ತೀವಿ. ಟೆಕ್ನಿಕಲ್ ವಿಷಯ ನಿಮಗೆ ಗೊತ್ತಾಗಲ್ಲ” ಎಂದರು. ಹದಿನಾಲ್ಕು ವರ್ಷದಿಂದ ಆ ಕೊಠಡಿಯನ್ನು ಒಬ್ಬಳೇ ನಡೆಸುತ್ತಿದ್ದೇನೆ. ಒಪ್ಪಂದದ ಮೇಲಿರುವ ಸಹಿ ನನ್ನದು, ನಿಮಗೆ ಬಂದ ಹಣವೂ ನನ್ನ ಖಾತೆಯದು. ಆ ಹೊತ್ತಿಗೆ ಕೌಂಟರಿನ ಮುಂದೆ ಇನ್ನೂ ನಾಲ್ಕು ಜನ ಗ್ರಾಹಕರಿದ್ದರು, ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆದರೂ ದನಿ ಏರಿಸದೆ, ಹೋದದ್ದನ್ನು ಮತ್ತೆ ಧ್ವನಿಮುದ್ರಿಸಲು ಬರುವುದಿಲ್ಲ ಎಂದೆ.

“ಯಾಕೆ ಬರಲ್ಲ? ಅಜ್ಜ ಇಲ್ಲೇ ಇದ್ದಾರಲ್ಲ! ಎಲ್ಲಿ ಅಜ್ಜಾ, ಒಂದು ಹಾಡಿ ನೋಡೋಣ” ಎಂದು ಬೆಂಚಿನ ಕಡೆಗೆ ಕೈ ಮಾಡಿದರು. ಪಕ್ಕದಲ್ಲಿದ್ದ ನಿಮ್ಮ ಸಿಬ್ಬಂದಿಯೊಬ್ಬರು ನಗುತ್ತ ಮೊಬೈಲ್ ಎತ್ತಿ ಹಿಡಿದರು.

ಅಜ್ಜಯ್ಯ ಎದ್ದು ನಿಂತರು. “ದೀಪ ಇಲ್ದೆ ಹಾಡೋ ಪದ ಅಲ್ಲ ಮಾರಾಯ ಅದು” ಎಂದಷ್ಟೇ ಹೇಳಿ, ಬೆಂಚಿನ ಕೆಳಗಿದ್ದ ಚೀಲವನ್ನು ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಬಿಸಿಲಿನಲ್ಲಿ ಹೋಗಿ ನಿಂತರು. ಮೊಬೈಲ್ ಹಿಡಿದವರು ಆಗಲೂ ಅದನ್ನು ಇಳಿಸಲಿಲ್ಲ. ಬಸ್ ನಿಲ್ದಾಣದವರೆಗೂ ಅಜ್ಜಯ್ಯ ಮಾತಾಡಲಿಲ್ಲ. ಬಸ್ಸು ಹತ್ತುವಾಗ, “ನಿಂಗೆ ತೊಂದ್ರೆ ಆಯ್ತಲ್ಲ ಮಗಾ” ಎಂದು ನನಗೇ ಸಮಾಧಾನ ಹೇಳಿದರು. ತೊಂದರೆ ಯಾರಿಂದ ಯಾರಿಗೆ ಆಯಿತೆಂಬುದನ್ನು ನೀವು ಯೋಚಿಸಬೇಕು.

ಹೋದದ್ದು ಎಂಥದೆಂದು ನಿಮಗೆ ತಿಳಿಯಲೆಂದು ಒಂದೇ ಒಂದನ್ನು ಹೇಳುತ್ತೇನೆ. ಹದಿನಾಲ್ಕನೆಯ ಮನೆಯಲ್ಲಿ, ರಾತ್ರಿ ಎರಡರ ಸುಮಾರಿಗೆ, ಬಾಗಿಲು ತೆಗೆಸುವ ಪದದ ನಡುವೆ ಅಜ್ಜಯ್ಯನಿಗೆ ಸಾಲು ಮರೆತುಹೋಯಿತು. ಎಲ್ಲರೂ ಸುಮ್ಮನಾದರು. ಆಗ ಮುಚ್ಚಿದ ಬಾಗಿಲಿನ ಒಳಗಿನಿಂದ, ಆ ಮನೆಯ ಮುದುಕಿ ನಿದ್ದೆಗಣ್ಣಿನ ದನಿಯಲ್ಲಿ ಮುಂದಿನ ಸಾಲನ್ನು ಎತ್ತಿಕೊಟ್ಟರು. ಹೊರಗಿನವರು ಅದನ್ನು ಹಿಡಿದು ಮುಂದುವರಿಸಿದರು. ಆಮೇಲೆ ಅಗುಳಿ ಸರಿಸಿದ ಸದ್ದು, ಬಾಗಿಲು ಕಿರುಗುಟ್ಟಿದ್ದು, ದೀಪಕ್ಕೆ ಎಣ್ಣೆ ಎರೆದದ್ದು. ನಾಯಿ ಬೊಗಳಿ ಎರಡು ಚಾನೆಲ್ ಕೆಟ್ಟಿದ್ದರಿಂದ ಅದನ್ನು ಸಂಕಲನಕ್ಕೆ ತೆಗೆದುಕೊಂಡಿರಲಿಲ್ಲ. ನಿಮ್ಮ ಜಾಬ್ ಶೀಟಿನಲ್ಲಿ ಅದು ‘ಅನಗತ್ಯ ಫೈಲು’. ತಂಡದವರು ಮತ್ತೆ ಹಾಡುವುದು ಮುಂದಿನ ಬಲಿಪಾಡ್ಯಮಿಗೆ, ಅಂದರೆ 2025ರ ಅಕ್ಟೋಬರ್ 22ಕ್ಕೆ. ಆಗ ಅಜ್ಜಯ್ಯ ಮತ್ತೆ ಅದೇ ಸಾಲನ್ನು ಮರೆಯುವುದಿಲ್ಲ, ಒಳಗಿನಿಂದ ಯಾರೂ ಎತ್ತಿಕೊಡುವುದಿಲ್ಲ.

ನಾನು ಕೇಳುವುದಿಷ್ಟು. ನಡೆದ ತಪ್ಪನ್ನು ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಲಿಖಿತವಾಗಿ ಒಪ್ಪಿಕೊಳ್ಳಬೇಕು. ನಾನು ಕಳಚಿಟ್ಟಿರುವ ಹಾರ್ಡ್ ಡಿಸ್ಕನ್ನು, ದತ್ತಾಂಶ ಮರಳಿ ಪಡೆಯುವ ಪರಿಣತರ ಪ್ರಯೋಗಾಲಯಕ್ಕೆ ನಾನು ಆರಿಸಿದ ಕಡೆ ಕಳಿಸಿ, ಅದರ ಖರ್ಚನ್ನು ಪೂರ್ತಿಯಾಗಿ ನೀವೇ ಭರಿಸಬೇಕು. ವಾರ್ಷಿಕ ಒಪ್ಪಂದದ 14,500 ರೂಪಾಯಿಯನ್ನೂ ಬ್ಯಾಕಪ್ ವ್ಯವಸ್ಥೆಗೆ ಪಡೆದ ಹಣವನ್ನೂ ಹಿಂದಿರುಗಿಸಬೇಕು. ನಿಮ್ಮ ಶಾಖಾ ವ್ಯವಸ್ಥಾಪಕರು ಕೊಪ್ಪಕ್ಕೆ ಹೋಗಿ ಅಜ್ಜಯ್ಯನವರ ಮನೆಯ ಅಂಗಳದಲ್ಲಿ ನಿಂತು ಕ್ಷಮೆ ಕೇಳಬೇಕು. ಈ ಕೊನೆಯದನ್ನು ನಾನು ಯಾವ ಹಣಕ್ಕೂ ಬಿಟ್ಟುಕೊಡುವುದಿಲ್ಲ.

ಫೆಬ್ರವರಿ 24ರಂದು ನಾನು ಹೊರಡುವಾಗ ನಿಮ್ಮ ವ್ಯವಸ್ಥಾಪಕರು, “ಕೇಸ್ ಹಾಕೋದಾದ್ರೆ ಬೆಂಗಳೂರಿಗೇ ಹೋಗ್ಬೇಕು ಮೇಡಂ, ಒಪ್ಪಂದದಲ್ಲೇ ಇದೆ” ಎಂದಿದ್ದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ, ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ಘಟನೆ ನಡೆದ ದಿನದಿಂದ ಎರಡು ವರ್ಷದ ಅವಕಾಶವಿದೆ. ನನಗೆ ಅಷ್ಟು ದಿನ ಬೇಕಾಗುವುದಿಲ್ಲ. ಕೈಬರಹದ ಚೀಟಿ, ಸಹಿ ಹಾಕಿದ ಜಾಬ್ ಶೀಟು, ಒಂಬತ್ತು ಕರೆಗಳ ದಿನಾಂಕ ಮತ್ತು ಸಮಯ, ಶನಿವಾರದ ನಿಮ್ಮ ಸಂದೇಶ, ಎಲ್ಲವನ್ನೂ ಒಂದು ಕಡತದಲ್ಲಿ ಹಾಕಿಟ್ಟಿದ್ದೇನೆ. ಅಂದು ಕೌಂಟರಿನಲ್ಲಿದ್ದ ಗ್ರಾಹಕರಲ್ಲಿ ಇಬ್ಬರು ಸಾಕ್ಷಿ ಹೇಳಲು ಒಪ್ಪಿದ್ದಾರೆ.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಹದಿನಾರನೆಯ ದಿನ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಸೇವಾ ನ್ಯೂನತೆಯ ದೂರು ದಾಖಲಾಗುತ್ತದೆ. ಜಿಲ್ಲೆಯಲ್ಲಿ ನನ್ನಂತೆ ಧ್ವನಿಮುದ್ರಣ, ಫೋಟೋ, ಮದುವೆ ವಿಡಿಯೋ ಕೆಲಸ ಮಾಡುವ ಎಲ್ಲರಿಗೂ ಈ ಪತ್ರದ ಪ್ರತಿಯನ್ನು ಅಂದೇ ಕೈಯಾರೆ ತಲುಪಿಸುತ್ತೇನೆ. ವಿಚಾರಣೆಯ ದಿನ ಅಜ್ಜಯ್ಯನವರೂ ಬರುತ್ತಾರೆ. ಅವರನ್ನು ಹಾಡಲು ಹೇಳಿದವರು ಅಂದು ಅವರ ಎದುರಿಗೆ ನಿಂತು ಉತ್ತರ ಕೊಡಲಿ.

ಇಂತಿ,
ಧ್ವನಿಮುದ್ರಣ ಕೊಠಡಿಯ ಮಾಲೀಕಳು,
ಚಿಕ್ಕಮಗಳೂರು

ಲಗತ್ತು: ಹನ್ನೊಂದು ಪ್ರಾಜೆಕ್ಟುಗಳ ಹೆಸರಿರುವ ಚೀಟಿ, ಜಾಬ್ ಶೀಟು ಮತ್ತು ಒಪ್ಪಂದದ ನಕಲು ಪ್ರತಿಗಳು.