ಸೊಕ್ಕು ಅಂದವರು ಯಾರು?

ಕಲಬುರಗಿ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ನೆಹರು ಗಂಜ್ ಮಾರುಕಟ್ಟೆಯ ಧೂಳು, ತೊಗರಿ ಚೀಲ, ಹಮಾಲರ ಬೆವರು ಎಲ್ಲಾ ಚೆನ್ನಾಗಿ ಬಂದಿದೆ. ಒಂದು ಕಡೆ ಮಾತ್ರ ತಡೆದು ನಿಂತೆ. ಹಮಾಲ ಹುಡುಗ ‘ಸೊಕ್ಕಿನಿಂದ ಕೂಲಿ ಕೇಳಿದ’ ಅಂತ ಬರೆದಿದ್ದೀಯ. ಹಾಗಂದವರು ಯಾರು? ಸಾಹುಕಾರನಾ, ನೀನಾ?

ಸೊಕ್ಕು ಅನ್ನುವುದು ಹೆಚ್ಚಾಗಿ ಮೇಲಿದ್ದವರು ಕೆಳಗಿದ್ದವರಿಗೆ ಅನ್ನುವ ಮಾತು. ಆಳು ಕೂಲಿ ಕೇಳಿದರೆ ಸೊಕ್ಕು. ಸೊಸೆ ಎದುರಾಡಿದರೆ ಸೊಕ್ಕು. ಸಾಹುಕಾರ ಬೈದರೆ ಮಾತ್ರ ‘ಅವರಿಗೆ ಸಿಟ್ಟು ಜರಾ ಜಾಸ್ತಿ’. ‘ಯಾಕಲೇ, ಭಾಳ ಸೊಕ್ಕು ಬಂದದೇನು?’ ಅಂತ ಅವನೇ ಅನ್ನಲಿ. ಕಥೆ ಹೇಳುವ ನೀನು ಅಂದರೆ, ನೀನೂ ಅವನ ಗಾದಿ ಮೇಲೆ ಕೂತಂತೆ.

ನಮ್ಮ ಕಡೆ ಇಂಥ ಮಾತುಗಳಿಗೇನು ಬರವಿಲ್ಲ. ಒರಟು ಅಂದರೆ ಮಾತಿನಲ್ಲಿ ನಯವಿಲ್ಲ, ಅಷ್ಟೇ. ಮನಸ್ಸಲ್ಲಿ ಕೇಡಿಲ್ಲದವನೂ ಒರಟಾಗಿ ಮಾತಾಡಬಹುದು. ಬದ್ತಮೀಜ್ ಹಾಗಲ್ಲ. 1948ರ ತನಕ ಇಲ್ಲಿ ನಿಜಾಮರ ಆಳ್ವಿಕೆ, ಕಚೇರಿಯಲ್ಲೆಲ್ಲ ಉರ್ದು. ಹಾಗಾಗಿ ಉರ್ದು ಓದಲು ಬಾರದ ಮುದುಕಿಗೂ ಈ ಬೈಗುಳ ಗೊತ್ತು. ತಮೀಜ್ ಅಂದರೆ ಇದು ಬೇರೆ, ಅದು ಬೇರೆ ಅಂತ ಗುರುತಿಸುವ ತಿಳಿವಳಿಕೆ. ಯಾರ ಮುಂದೆ ಹೇಗೆ ಮಾತಾಡಬೇಕು ಅನ್ನುವ ಅರಿವಿಲ್ಲದವನು ಬದ್ತಮೀಜ್. ಅದು ಹುಡುಗನಿಗಿಂತ ಅವನನ್ನು ಬೆಳೆಸಿದ ಮನೆಗೆ ಜಾಸ್ತಿ ತಾಗುತ್ತದೆ. ಸುಮ್ನೆ ಎಲ್ಲೆಂದರಲ್ಲಿ ಬಳಸಬೇಡ.

ಹಾಗಂತ ಹುಡುಗನಿಗೆ ಸಿಟ್ಟೇ ಬರಬಾರದು ಅಂತಲ್ಲ. ಬರಲಿ. ಅದನ್ನು ‘ರಿ’ಯಲ್ಲಿ ತೋರಿಸು. ಮೊದಲು ‘ನಮ್ಮ ಕೂಲಿ ಕೊಡ್ರಿ’ ಅಂತಾನೆ. ಸಾಹುಕಾರ ತಲೆ ಎತ್ತದೆ ಲೆಕ್ಕದ ಪುಸ್ತಕ ತಿರುವುತ್ತಾನೆ. ‘ಕೊಡ್ರಿ ಸಾವಕಾರ್ರ, ಹೊತ್ತಾಯ್ತು.’ ಅವನು ಇನ್ನೊಂದು ಹಾಳೆ ತಿರುವುತ್ತಾನೆ. ಆಮೇಲೆ ಹುಡುಗ ‘ಕೊಡು’ ಅಂತಾನೆ. ಅಷ್ಟೇ ಬರೆ. ಚೀಲ ಹೊತ್ತವರೂ ನಿಂತು ನೋಡುತ್ತಾರೆ. ‘ರಿ’ ಉದುರಿದ್ದು ನಮ್ಮ ಓದುಗರ ಕಿವಿಗೆ ಬಿದ್ದೇ ಬೀಳುತ್ತದೆ.

ಅವನ ಅವ್ವ ‘ಬಾರಲೇ, ಉಣ್ಣು ಬಾ’ ಅನ್ನುವುದನ್ನು ಮಾತ್ರ ತೆಗೆಯಬೇಡ. ಬೆಂಗಳೂರಿನ ಗೆಳತಿ ಅದು ಒರಟು ಅಂದಳಂತೆ, ಅಲ್ವಾ? ಅದೇ ‘ಲೇ’ ಸಾಹುಕಾರನ ಬಾಯಲ್ಲಿ ಚುಚ್ಚುತ್ತದೆ, ಅವ್ವನ ಬಾಯಲ್ಲಿ ಅಕ್ಕರೆಯಾಗುತ್ತದೆ. ಎರಡೂ ಕಥೆಯಲ್ಲಿ ಇರಬೇಕು.

ತಿದ್ದಿ ಕಳಿಸು. ಗಾದಿ ಪಕ್ಕ ಕೂತು ಲೆಕ್ಕ ಬರೆಯುವ ಮುನೀಮನಿಗೂ ಒಂದೆರಡು ಮಾತು ಕೊಡು. ಸಾಹುಕಾರನಿಗೆ ‘ರಿ’, ಹಮಾಲರಿಗೆ ‘ಲೇ’ ಅನ್ನುವವನು ಅವನು. ನಿನ್ನ ಕಥೆಯಲ್ಲಿ ಅವನು ಬಾಯೇ ಬಿಟ್ಟಿಲ್ಲ.

ನಿನ್ನ ಅಣ್ಣ