ಗುರುವಾರದ ಜಿಂಕ್ ಆಕ್ಸೈಡ್ ನ್ಯಾನೋವೈರ್ ಬ್ಯಾಚ್: ಸ್ಯಾಂಪಲ್ ಇಡುವವರು ಗಮನಿಸಿ

ಎಲ್ಲರಿಗೂ ನಮಸ್ಕಾರ.

ಮುಂದಿನ ನ್ಯಾನೋವೈರ್ (ಅತಿ ಸಣ್ಣ ತಂತಿ) ಬ್ಯಾಚ್ ಗುರುವಾರ ಬೆಳಿಗ್ಗೆ 9:30ಕ್ಕೆ ಓವನ್ ಸೇರುತ್ತದೆ. ಸ್ಯಾಂಪಲ್ ಇಡುವವರು ಎಷ್ಟು ತುಂಡು, ಯಾವ ಹರಳು (ತಂತಿ ಬೆಳೆಯುವ ತಳ) ಅಂತ ಬುಧವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.

ಗ್ಯಾಲಿಯಂ ನೈಟ್ರೈಡ್ ಇದ್ದರೆ ಸೀಡ್ ಲೇಯರ್ (ತಂತಿ ಬೆಳೆಯಲು ಮೊದಲೇ ಹಾಕುವ ತೆಳು ಪದರ) ಬೇಡ. ಅದರಲ್ಲೂ ಜಿಂಕ್ ಆಕ್ಸೈಡಿನಲ್ಲೂ ಪರಮಾಣುಗಳ ಜೋಡಣೆ ಒಂದೇ ತರಹ, ಅಳತೆಯಲ್ಲಿ ಸುಮಾರು 2% ಅಷ್ಟೇ ವ್ಯತ್ಯಾಸ. ಸಿ-ಪ್ಲೇನ್ (ಹರಳಿನ ಆರು ಮೂಲೆಯ ಜೋಡಣೆ ಕಾಣುವ ಮುಖ) ಮೇಲೆ ತಂತಿಗಳು ತಾವಾಗೇ ನೆಟ್ಟಗೆ ಏಳುತ್ತವೆ. ಸಿಲಿಕಾನ್ ಆದರೆ ಸೀಡ್ ಲೇಯರ್ ಹಾಕಿಕೊಂಡೇ ತನ್ನಿ.

ದ್ರಾವಣ ಹಳೆಯದೇ: 100 ಮಿ.ಲೀ. ಡಿಐ (ಅಯಾನು ತೆಗೆದ ಶುದ್ಧ) ನೀರಿಗೆ ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 0.74 ಗ್ರಾಂ, ಎಚ್‌ಎಂಟಿಎ (ಹೆಕ್ಸಾಮೆಥಿಲೀನ್ ಟೆಟ್ರಾಮೀನ್) 0.35 ಗ್ರಾಂ. ಎರಡರ ಸಾಂದ್ರತೆಯೂ 25 ಮಿಲಿಮೋಲಾರ್ ಆಗುತ್ತದೆ. 90 ಡಿಗ್ರಿ, 3 ಗಂಟೆ. ಬಾಟಲಿಯನ್ನು ಕಂಠಪೂರ್ತಿ ತುಂಬಬೇಡಿ.

ಮುಖ್ಯವಾದದ್ದು ಇದು: ತಂತಿ ಬೆಳೆಯಬೇಕಾದ ಮುಖ ಕೆಳಗಡೆಯೇ ಇರಲಿ. ಕಳೆದ ಸಲ ನಾನೇ ಅವಸರದಲ್ಲಿ ಒಂದು ತುಂಡನ್ನು ಮೇಲ್ಮುಖವಾಗಿ ಇಟ್ಟೆ. ದ್ರಾವಣದಲ್ಲೇ ಹುಟ್ಟಿದ ಬಿಳಿ ಪುಡಿ ಹಿಟ್ಟು ಉದುರಿಸಿದ ಹಾಗೆ ಅದರ ಮೇಲೆ ಕೂತುಬಿಟ್ಟಿತ್ತು. ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಿದರೆ ಬರೀ ಅಡ್ಡಾದಿಡ್ಡಿ ಬಿದ್ದ ಕಡ್ಡಿಗಳು, ಕೆಳಗಿನ ತಂತಿಗಳು ಕಾಣಲೇ ಇಲ್ಲ. ಎಷ್ಟು ತೊಳೆದರೂ ಹೋಗಲಿಲ್ಲ. ಇಡೀ ದಿನ ಸುಮ್ನೆ ಹೋಯ್ತು.

ಬಾಟಲಿ ತಣ್ಣಗಾದ ಮೇಲೆ ಫ್ಯೂಮ್ ಹುಡ್ (ಅನಿಲ ಹೊರಗೆಳೆಯುವ ಗೂಡು) ಒಳಗೇ ತೆರೆಯಿರಿ. ಎಚ್‌ಎಂಟಿಎ ಒಡೆದಾಗ ಅಮೋನಿಯಾ ಜೊತೆ ಫಾರ್ಮಾಲ್ಡಿಹೈಡ್ ಕೂಡ ಬರುತ್ತದೆ, ಗೊತ್ತಲ್ವಾ? ಆಮೇಲೆ ಡಿಐ ನೀರಿನಲ್ಲಿ ತೊಳೆದು, ನೈಟ್ರೋಜನ್ ಊದಿ ಒಣಗಿಸಿ. ಉಳಿದ ದ್ರಾವಣ ಸಿಂಕಿಗೆ ಬೇಡ, ವೇಸ್ಟ್ ಕ್ಯಾನಿಗೆ ಹಾಕಿ.

ಮಧ್ಯಾಹ್ನ 12:30ಕ್ಕೆ ಹೊರತೆಗೆಯಲು ಒಬ್ಬರು ಜೊತೆಗೆ ಬೇಕು. ಯಾರು ಬರುತ್ತೀರಿ?